ಆರನೆಯ ಅಧ್ಯಾಯವನ್ನು ಊಟ ಮಾಡಿದ ಯಂತ್ರದವರಿಗೆ

ಕೆರೆ, ನದಿ ಮತ್ತು ಜೌಗು ಅಧ್ಯಯನ ಸಂಸ್ಥೆಯ ನೆಲಮಹಡಿಯಲ್ಲಿ, ಮೆಟ್ಟಿಲಿನ ಕೆಳಗೆ, ಕುಡಿಯುವ ನೀರಿನ ಕ್ಯಾನಿನ ಬಲಗಡೆಗೆ ಬಿಜಯಮಾಡಿಸಿರುವ ಕಾಗದ ಕತ್ತರಿಸುವ ಯಂತ್ರದವರ ಸನ್ನಿಧಿಗೆ, ಎದುರು ಬೀದಿಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹುಡುಗಿ ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರಾ ಎಂದು ನಾನು ಕೇಳಬೇಕಾಗಿಲ್ಲ, ಏಕೆಂದರೆ ಬೆಳಿಗ್ಗೆ ಕಚೇರಿ ಬಾಗಿಲು ತೆರೆದ ಕೂಡಲೇ ತಮ್ಮ ಧ್ವನಿ ರಸ್ತೆ ದಾಟಿಕೊಂಡು ನಮ್ಮ ಇಸ್ತ್ರಿ ಮೇಜಿನವರೆಗೆ ಬರುತ್ತದೆ, ಮತ್ತು ಆ ಧ್ವನಿಯಿಂದಲೇ ತಮ್ಮ ಹಲ್ಲುಗಳು ಚೂಪಾಗಿವೆ, ಹಸಿವು ಚೆನ್ನಾಗಿದೆ, ತಿಂದದ್ದು ಮೈಗೆ ಹತ್ತುತ್ತಿದೆ ಎಂದು ಗೊತ್ತಾಗುತ್ತದೆ. ನಾವೂ ಇಲ್ಲಿ ಸೌಖ್ಯ. ದೊಡ್ಡವರಿಗೆ ಪತ್ರ ಬರೆದು ನನಗೆ ಅಭ್ಯಾಸವಿಲ್ಲ, ಎದುರು ನಿಂತು ಮಾತಾಡುವುದಂತೂ ದೂರದ ಮಾತು. ಗಿರಾಕಿ ಬಂದರೆ ಮಡಿಸಿದ ಬಟ್ಟೆಯನ್ನು ಮುಂದಕ್ಕೆ ತಳ್ಳಿ, ಒಣಗಲು ಹಾಕಿದ ಸೀರೆಗಳ ಹಿಂದಕ್ಕೆ ಜಾರಿಕೊಳ್ಳುವವಳು ನಾನು. ತಮಗೆ ಮುಖವಿಲ್ಲ, ಕಣ್ಣಿಲ್ಲ, ದಿಟ್ಟಿಸಿ ನೋಡುವ ಚಟವಿಲ್ಲ, ಆದ್ದರಿಂದ ಧೈರ್ಯ ಬಂದಿದೆ. ನಾನು ಶಾಲೆಯಲ್ಲಿ ಓದಿದ್ದು ಪ್ರಾಥಮಿಕ ತರಗತಿಗಳವರೆಗೆ ಮಾತ್ರ, ಉಳಿದದ್ದನ್ನೆಲ್ಲ ಅಂಗಿಗಳ ಒಳಗೆ ಓದಿದೆ. ಪತ್ರದಲ್ಲಿ ತಪ್ಪಿದ್ದರೆ ದಯವಿಟ್ಟು ಹೊಡೆದುಹಾಕಿ ಎಂದು ಬರೆಯಲು ಹೊರಟಿದ್ದೆ, ಆದರೆ ತಮ್ಮಂಥವರಿಗೆ ಆ ಮಾತನ್ನು ಸುಮ್ಮನೆ ಕೂಡ ಹೇಳಬಾರದೆಂದು ಅತ್ತೆ ಎಚ್ಚರಿಸಿದ್ದಾರೆ.

ಮೊದಲು ಅಭಿನಂದನೆ, ಆಮೇಲೆ ದೂರು. ಆ ಕಟ್ಟಡದ ಪ್ರತಿ ಮಹಡಿಯಲ್ಲೂ ನೀರನ್ನು ಕುರಿತು ಓದಿ ಬರೆದು ದೊಡ್ಡ ಪದವಿ ಪಡೆದವರು ಕುಳಿತಿದ್ದಾರೆ; ಆದರೂ ಅಲ್ಲಿ ತಯಾರಾದ ವರದಿಗಳನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಒಂದು ಸಾಲನ್ನೂ ಬಿಡದೆ, ನಕ್ಷೆಗಳನ್ನೂ ಅಂಕಿಗಳ ಪಟ್ಟಿಗಳನ್ನೂ ಹಾರಿಸದೆ ಒಳಕ್ಕೆ ತೆಗೆದುಕೊಂಡವರು ತಾವೊಬ್ಬರೇ ಎಂದು ಅಲ್ಲಿನ ಅಟೆಂಡರಣ್ಣನೇ ನಮ್ಮ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಸಾಕ್ಷಿ ಹೇಳಿದ್ದಾನೆ. “ಸಾಹೇಬರು ಮುನ್ನುಡಿ ನೋಡ್ತಾರೆ, ಫೋಟೋ ಸರಿಯಾಗಿ ಬಂದಿದೆಯಾ ಅಂತ. ಉಳಿದೋರು ಅವರವರ ಹೆಸರು ಎಲ್ಲಿದೆ ಅಂತ ನೋಡ್ತಾರೆ. ತಲೆಯಿಂದ ಕಾಲಿನತನಕ ಪೂರ್ತಿ ಮುಗಿಸೋದು ಅಂದ್ರೆ ಈ ಮೆಷಿನ್ನೇ ಕಣಮ್ಮ,” ಎಂದ. ಇಂಥ ಓದುಗರು ಸಿಗುವುದು ಬರೆದವರ ಪುಣ್ಯ. ಓದಿದ್ದನ್ನು ಯಾರಿಗೂ ಹೇಳದಿರುವ ತಮ್ಮ ಒಂದೇ ಒಂದು ಅಭ್ಯಾಸವಿಲ್ಲದಿದ್ದರೆ ಈ ಪತ್ರ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ತಾವು ಬರುವುದಕ್ಕೆ ಮುಂಚೆ ಆ ವರದಿಗಳು ಎಲ್ಲಿಗೆ ಹೋಗುತ್ತಿದ್ದವೆಂದು ತಮಗೆ ಯಾರೂ ಹೇಳಿರಲಾರರು. ಅವು ಅಚ್ಚಾಗಿ ಬಂದು, ಮೆಟ್ಟಿಲ ಮೇಲೆ ಕಟ್ಟುಕಟ್ಟಾಗಿ ಕುಳಿತು, ಹತ್ತಿಳಿಯುವವರಿಗೆ ಕಾಲಿಡಲು ಜಾಗವಿಲ್ಲವಾದಾಗ ಅಟೆಂಡರಣ್ಣನ ಸೈಕಲ್ಲಿನ ಮೇಲೆ ಹೊರಟು, ಮೂಲೆಯ ರದ್ದಿ ಅಂಗಡಿ ಸೇರಿ, ಅಲ್ಲಿಂದ ನಮ್ಮ ಲಾಂಡ್ರಿಗೆ ಬರುತ್ತಿದ್ದವು. ನಮಗೆ ಕಾಗದ ಬೇಕು. ಇಸ್ತ್ರಿ ಮಾಡಿದ ಅಂಗಿಯನ್ನು ಮಡಿಸುವಾಗ ಬೆನ್ನಿನ ಮೇಲೆ ಒಂದು ಹಾಳೆಯಿಟ್ಟು ಅದರ ಸುತ್ತ ತೋಳುಗಳನ್ನು ಮಡಿಸಿದರೆ ಅಂಗಿ ನೆಟ್ಟಗೆ ನಿಲ್ಲುತ್ತದೆ, ಮನೆ ಮುಟ್ಟುವಷ್ಟರಲ್ಲಿ ಮುದುರಿಕೊಳ್ಳುವುದಿಲ್ಲ. ಹಿಂದೆ ಇದಕ್ಕೆ ಹಳೆಯ ಪತ್ರಿಕೆ ಹಾಕುತ್ತಿದ್ದೆವು. ಒಮ್ಮೆ ತೇವದ ದಿನದಲ್ಲಿ ಬ್ಯಾಂಕಿನ ಗುಮಾಸ್ತರೊಬ್ಬರ ಬಿಳಿ ಅಂಗಿಯ ಬೆನ್ನಿಗೆ ಕಾಣೆಯಾದವರ ಪ್ರಕಟಣೆಯೊಂದು ಅಂಟಿಕೊಂಡು, ಅವರು ಅದನ್ನು ಹೊತ್ತುಕೊಂಡು ಊರೆಲ್ಲ ಓಡಾಡಿ, ಸಂಜೆ ಅತ್ತೆಗೆ ಮಂಗಳಾರತಿ ಎತ್ತಿಹೋದರು. ಅಂದಿನಿಂದ ಅತ್ತೆ ಸಂಸ್ಥೆಯ ಕಾಗದವನ್ನೇ ಹಿಡಿದರು. ಅದು ದಪ್ಪ, ನುಣುಪು, ಅಚ್ಚು ಬಟ್ಟೆಗೆ ಹತ್ತುವುದಿಲ್ಲ, ಒಂದೇ ಮಗ್ಗುಲಲ್ಲಿ ಬರವಣಿಗೆ. ಒಂದು ಅಂಗಿಗೆ ಒಂದು ಪುಟ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಲಾಂಡ್ರಿ ಅವರದು, ಅವರಿಗೆ ಮುಂಚೆ ನನ್ನ ಅಜ್ಜಿಯದು. ಹಿತ್ತಲಲ್ಲಿ ಒಗೆಯುವ ಕಲ್ಲು, ಕಲ್ಲಿನ ಪಕ್ಕದಲ್ಲಿ ಬಾವಿ, ಬಾವಿಯ ಹಿಂದೆ ಗೋಡೆ, ಗೋಡೆಯ ಹಿಂದೆ ಜೌಗು. ಲಾಂಡ್ರಿಗೆ ಬೇರೆ ಯಾವ ನೀರೂ ಇಲ್ಲ; ನಲ್ಲಿಯಲ್ಲಿ ಬರುವ ನೀರು ಕುಡಿಯುವುದಕ್ಕೇ ಸಾಲದು. ಈ ಮಾತನ್ನು ತಾವು ಮನಸ್ಸಿನಲ್ಲಿಟ್ಟುಕೊಳ್ಳಬೇಕು, ಮನಸ್ಸಿಲ್ಲವಾದರೆ ಕಸದ ಡಬ್ಬಿಯಲ್ಲಾದರೂ.

ಹೀಗೆ ಯಾರಿಗೂ ಬೇಡವಾಗಿದ್ದ ವರದಿಗಳು ಅಂಗಿಗಳೊಳಗೆ ಸೇರಿ ಮನೆಮನೆಗೆ ಹೋದವು. ಮೊದಲು ಸಿಕ್ಕಿಬಿದ್ದವನು ಪಕ್ಕದ ಟೈಲರಣ್ಣ. ಅವನಿಗೆ ಬಂದ ಪುಟದ ಕೊನೆಯ ಸಾಲು, “ಈ ಕೆರೆಯ ಮೀನುಗಳು ಬೆಳಗಿನ ಹೊತ್ತು ಮೇಲಕ್ಕೆ ಬಂದು ಬಾಯಿ ತೆರೆಯುವುದಕ್ಕೆ ಕಾರಣವೇನೆಂದರೆ” ಎಂದು ನಿಂತುಬಿಟ್ಟಿತ್ತು. ಮಾರನೆಯ ಬೆಳಿಗ್ಗೆ ಬನಿಯನ್ನಿನಲ್ಲೇ ಬಂದು ನಿಂತ. “ಏ ಹುಡುಗಿ, ಮೀನು ಯಾಕೆ ಬಾಯಿ ತೆರೀತವೆ? ಹೇಳು ಬೇಗ. ಇದನ್ನೇ ಯೋಚನೆ ಮಾಡ್ತಾ ಒಂದು ಪ್ಯಾಂಟಿಗೆ ಮೂರು ಕಾಲು ಕತ್ತರಿಸಿಟ್ಟಿದ್ದೀನಿ,” ಎಂದ. ಮುಂದಿನ ಪುಟ ಬಸ್ ಡ್ರೈವರಣ್ಣನ ಖಾಕಿ ಅಂಗಿಯಲ್ಲಿ ಹೋಗಿತ್ತು. ಟೈಲರಣ್ಣ ಬಸ್ ನಿಲ್ದಾಣಕ್ಕೆ ಹೋಗಿ, ಹೊರಡಲು ಸಿದ್ಧವಾಗಿದ್ದ ಬಸ್ಸಿನ ಮುಂದೆ ನಿಂತು, ನೀರಿನಲ್ಲಿ ಕರಗಿದ ಆಮ್ಲಜನಕ ರಾತ್ರಿಯೆಲ್ಲ ಖರ್ಚಾಗಿ ಬೆಳಗಿನ ಹೊತ್ತಿಗೆ ತೀರಾ ಕಡಿಮೆಯಾಗಿರುತ್ತದೆಂದು ತಿಳಿದುಕೊಂಡು ಸಮಾಧಾನವಾಗಿ ಬಂದ. ಬಸ್ಸಿನಲ್ಲಿದ್ದವರಿಗೂ ತಿಳಿಯಿತು.

ಅಲ್ಲಿಂದ ನಮ್ಮ ಕಟ್ಟೆಯ ಮೇಲೆ ಶುರುವಾದದ್ದು ನಿಂತಿಲ್ಲ. ಸಂಜೆಯಾದರೆ ಗಿರಾಕಿಗಳು ತಮ್ಮತಮ್ಮ ಪುಟ ಹಿಡಿದು ಬಂದು, ನಿಮ್ಮಲ್ಲಿ ಹೂಳು ಇದೆಯಾ, ನನ್ನಲ್ಲಿ ಆಮೆ ಇದೆ, ಎಂದು ಅದಲುಬದಲು ಮಾಡಿಕೊಳ್ಳತೊಡಗಿದರು. ಒಗೆದ ಅಂಗಿಯನ್ನೇ ಮತ್ತೆ ಒಗೆಯಲು ತಂದವರಿದ್ದಾರೆ. ಶಾಲೆಯ ಟೀಚರಮ್ಮನವರು ಬ್ಲೌಸು ಕೊಡುವಾಗ, “ನಂಗೆ ಜೌಗು ಬೇಡಮ್ಮ, ನದಿ ಹಾಕು, ಮರಳು ತೆಗೆದ ಮೇಲೆ ಆ ನದಿ ಎತ್ತ ತಿರುಗಿತು ಅಂತ ನೋಡ್ಬೇಕು,” ಎಂದು ಮೊದಲೇ ಹೇಳಿಹೋಗುತ್ತಿದ್ದರು. ಡ್ರೈವರಣ್ಣನಿಗೆ ಒಂದು ಕೆಟ್ಟ ಚಾಳಿ, ಎಲ್ಲರಿಗಿಂತ ಮುಂದಿನ ಪುಟ ಸಂಪಾದಿಸಿ ಓದಿಕೊಂಡು, ಬಸ್ಸನ್ನು ನಮ್ಮ ಅಂಗಡಿಯ ಮುಂದೆ ನಿಧಾನ ಮಾಡಿ, “ಆ ಕೊಳದ ಕಪ್ಪೆಗಳು ಕೊನೆಗೆ ವಾಪಸ್ ಬರ್ತವೆ!” ಎಂದು ಕೂಗಿ ಹೊರಟುಬಿಡುತ್ತಿದ್ದ. ಟೈಲರಣ್ಣ ಕತ್ತರಿ ಎತ್ತಿಕೊಂಡು ರಸ್ತೆಗೆ ಓಡಿಬಂದು, “ಹೇಳಬೇಡ ಅಂದಿರಲಿಲ್ವೇನೋ, ಪಾಪಿ!” ಎನ್ನುತ್ತಿದ್ದ. ಬೈಗುಳ ಕೂಡ ಬದಲಾಯಿತು. ಹೆಚ್ಚು ಓದು ಬಾರದ ಅತ್ತೆ ಕೂಡ, ಬಟ್ಟೆ ಕೊಟ್ಟದ್ದನ್ನು ಮರೆತು ಜಗಳಕ್ಕೆ ಬಂದವನೊಬ್ಬನಿಗೆ, “ನಿನ್ನ ತಲೇಲಿ ಬರೀ ಹೂಳು, ಹೋಗಿ ಎತ್ತಿಸಿಕೊಂಡು ಬಾ,” ಎಂದು ಹೇಳಿ ಕಳಿಸಿದರು.

ಮಾನ್ಯರೇ, ತಾವು ಒಬ್ಬರೇ ಕೂತು ಉಣ್ಣುವವರು, ಇದೆಲ್ಲ ತಮಗೆ ಗಲಾಟೆ ಎನ್ನಿಸಬಹುದು. ಆದರೆ ಆ ವರದಿಗಳನ್ನು ಬರೆದವರು ಯಾರೋ ಬಿಸಿಲಿನಲ್ಲಿ ದೋಣಿಯಲ್ಲಿ ಕುಳಿತು, ಕೆಸರಿನಲ್ಲಿ ನಿಂತು, ಜಿಗಣೆಗಳಿಗೆ ರಕ್ತ ಕೊಟ್ಟು ತಿಳಿದುಕೊಂಡ ಸಂಗತಿಗಳು ಅವು. ಅವುಗಳನ್ನು ಓದಿ ಒಬ್ಬ ಟೈಲರು ಮೂರು ಕಾಲಿನ ಪ್ಯಾಂಟು ಕತ್ತರಿಸಿದನೆಂದರೆ ಬರೆದವರಿಗೆ ಅದಕ್ಕಿಂತ ದೊಡ್ಡ ಸನ್ಮಾನ ಬೇರೆ ಇರಲಾರದು ಎಂದು ನನ್ನ ತಿಳಿವಳಿಕೆ.

ಈಗ ಜೌಗಿನ ವಿಷಯಕ್ಕೆ ಬರುತ್ತೇನೆ. ನಮ್ಮ ಗೋಡೆಯ ಹಿಂದಿನ ಆ ಜಾಗದಲ್ಲಿ ಆಳೆತ್ತರ ಜೊಂಡು, ಅದರ ನಡುವೆ ಹಸಿರು ನೀರು, ನೀರಿನ ಮೇಲೆ ಯಾರೋ ಎಸೆದ ಚಪ್ಪಲಿ. ಅದಕ್ಕೆ ಮಣ್ಣು ತುಂಬಿಸಿ ಕಾರು ನಿಲ್ಲಿಸುವ ಜಾಗ ಮಾಡುತ್ತೇವೆಂದು ಪುರಸಭೆಯವರು ಹೇಳಿದಾಗ ಬೀದಿಗೆ ಬೀದಿಯೇ ಸಂತೋಷಪಟ್ಟಿತು. ಸೊಳ್ಳೆ ಹೋಗುತ್ತದೆ, ವಾಸನೆ ಹೋಗುತ್ತದೆ, ಕಾರಿನವರು ಬಂದರೆ ಅಂಗಿಯೂ ಬರುತ್ತದೆ ಎಂದು ಅತ್ತೆಯೂ ಹಿಗ್ಗಿದ್ದರು. ಅಷ್ಟರಲ್ಲಿ ರದ್ದಿಯಿಂದ ಬಂದ ಒಂದು ಕಟ್ಟಿನ ಮೇಲೆ ನಮ್ಮ ಬೀದಿಯ ಹೆಸರೇ ಇರಬೇಕೆ! ನಮ್ಮದೇ ಜೌಗನ್ನು ಕುರಿತು, ನಾನು ಹುಟ್ಟುವುದಕ್ಕೆ ಮುಂಚೆ, ಆ ಸಂಸ್ಥೆಯ ವಿಜ್ಞಾನಿ ಅಮ್ಮನವರೊಬ್ಬರು ವರ್ಷಗಟ್ಟಲೆ ಕೂತು ಮಾಡಿದ ಅಧ್ಯಯನ. ಆ ವಾರ ಹಾಕಿದ ಪುಟಗಳಿಗಾಗಿ ನಡೆದ ಎಳೆದಾಟದಲ್ಲಿ ಒಂದು ಅಂಗಿಯ ಕಾಲರು ಹರಿಯಿತು.

ಸೊಳ್ಳೆಗಳು ಹೆಚ್ಚಾಗಿ ನಮ್ಮ ಮನೆಗಳ ಹಿಂದಿನ ಒಡೆದ ಡಬ್ಬಿಗಳಲ್ಲೂ ಹಳೆಯ ಟೈರುಗಳಲ್ಲೂ ಹುಟ್ಟುತ್ತವೆ, ಜೌಗಿನಲ್ಲಿ ಹುಟ್ಟಿದವನ್ನು ಸಣ್ಣ ಮೀನು ಕಪ್ಪೆಗಳು ಅಲ್ಲೇ ಮುಗಿಸುತ್ತವೆ ಎಂದು ಓದಿದ ದಿನ ಬೀದಿಯವರೆಲ್ಲ ಒಬ್ಬರ ಹಿತ್ತಿಲನ್ನು ಒಬ್ಬರು ಅನುಮಾನದಿಂದ ನೋಡಿದರು. ಜೊಂಡಿನ ಬೇರುಗಳು ಕೊಳಕನ್ನು ಹಿಡಿದಿಟ್ಟುಕೊಳ್ಳುತ್ತವೆ, ದೊಡ್ಡ ಮಳೆ ಬಂದಾಗ ನಮ್ಮ ಹೊಸಿಲಿಗೆ ಬರಬೇಕಾದ ನೀರನ್ನು ಜೌಗು ಕುಡಿದುಕೊಳ್ಳುತ್ತದೆ ಎಂದೂ ಇತ್ತು. ಉಪಕಾರ ಸ್ಮರಣೆಯ ಪುಟ ಟೈಲರಣ್ಣನ ಅಂಗಿಯಲ್ಲಿ ಹೋಗಿತ್ತು. ಅವನು ಅದನ್ನು ಹಿಡಿದುಕೊಂಡು, ಈ ಸಲ ಓಡದೆ, ಮೆಲ್ಲಗೆ ನಡೆದುಕೊಂಡು ಬಂದ. “ಅಕ್ಕಾ, ಕೂತ್ಕೊ. ಕೇಳು,” ಎಂದು ಓದಿದ. “ಪ್ರತಿದಿನ ತಮ್ಮ ಬಾವಿಯ ನೀರನ್ನು ಅಳೆಯಲು ಬಿಟ್ಟ, ಕೆಸರು ಮೆತ್ತಿದ ನನ್ನ ಬಟ್ಟೆಗಳನ್ನು ಒಗೆದುಕೊಟ್ಟ, ಊಟ ಮಾಡದೆ ಕೆಲಸ ಮಾಡಿದಾಗಲೆಲ್ಲ ನನ್ನನ್ನು ಬೈದ ಲಾಂಡ್ರಿಯ ತಾಯಿಗೆ.” ಅದು ನನ್ನ ಅಜ್ಜಿ. ಅತ್ತೆ ಆ ಪುಟವನ್ನು ತೆಗೆದುಕೊಂಡು, ಮೇಜಿನ ಮೇಲೆ ಹರಡಿ, ಇಸ್ತ್ರಿ ಪೆಟ್ಟಿಗೆಯ ಬಿಸಿಯನ್ನು ರೇಷ್ಮೆಗೆ ಬೇಕಾದಷ್ಟಕ್ಕೆ ಇಳಿಸಿ, ಅದರ ಮಡಿಕೆಗಳನ್ನು ಒಂದೊಂದಾಗಿ ತೀಡಿ ತೆಗೆದರು. ಆಮೇಲೆ ಕೇಳಿದರು, “ಬಾವಿ ಯಾಕೆ ಅಳೀತಿದ್ಲಂತೆ ಆ ಹುಡುಗಿ?”

ಅದಕ್ಕೆ ಉತ್ತರ ಐದನೆಯ ಅಧ್ಯಾಯದಲ್ಲಿತ್ತು. ಜೌಗು ತುಂಬಿದಾಗ ನಮ್ಮ ಸಾಲಿನ ಬಾವಿಗಳು ತುಂಬುತ್ತವೆ, ಅದು ಇಳಿದಾಗ ಇಳಿಯುತ್ತವೆ, ನೆಲದ ಒಳಗೆ ಎರಡಕ್ಕೂ ನಂಟಿದೆ. ಅಧ್ಯಾಯ ಮುಗಿಯುವ ಸಾಲು ನನಗೆ ಬಾಯಿಪಾಠ: “ಜೌಗನ್ನು ಮಣ್ಣು ಹಾಕಿ ಮುಚ್ಚಿದರೆ ಈ ಬಾವಿಗಳಲ್ಲಿ ಯಾವುದು ಉಳಿಯುತ್ತದೆ, ಯಾವುದು ಬತ್ತುತ್ತದೆ ಎಂಬುದನ್ನು ಮುಂದಿನ ಅಧ್ಯಾಯದಲ್ಲಿ ಆಧಾರ ಸಮೇತ ತೋರಿಸಲಾಗಿದೆ.” ಕಟ್ಟು ಅಲ್ಲಿಗೆ ಮುಗಿದಿತ್ತು. ಉಳಿದದ್ದು ಇನ್ನೂ ಮೆಟ್ಟಿಲ ಮೇಲಿದೆ, ಮುಂದಿನ ಸರದಿಯಲ್ಲಿ ತರುತ್ತೇನೆ ಎಂದು ಅಟೆಂಡರಣ್ಣ ಹೇಳಿದ್ದ. ಅತ್ತೆ ಬಾವಿಯೊಳಗೆ ಇಣುಕಿ ನೋಡಿ ಬಂದು, “ಇದು ಹೋದ್ರೆ ನಾನೇನು ಊರಿನ ಬಟ್ಟೆನೆಲ್ಲ ಕಣ್ಣೀರಲ್ಲಿ ಒಗೀಲಾ?” ಎಂದರು, ನಗುತ್ತಲೇ ಎಂದರು, ಆದರೆ ಆ ದಿನ ಮೂರು ಸಲ ಇಣುಕಿದರು.

ಇಲ್ಲಿ ಅತ್ತೆಯ ಒಂದು ಮರ್ಯಾದೆ ಎಲ್ಲವನ್ನೂ ಕೆಡಿಸಿತು. ತಮ್ಮ ಸಂಸ್ಥೆಯ ನಿರ್ದೇಶಕರ ಅಂಗಿಗಳೂ ನಮ್ಮಲ್ಲಿಗೇ ಬರುತ್ತವೆ. ಅಂಥ ದೊಡ್ಡವರ ಅಂಗಿಗೆ ಕಪ್ಪೆಯದೋ ಜಿಗಣೆಯದೋ ಪುಟ ಹಾಕಬಾರದೆಂದು ಅತ್ತೆ ಆ ಜೌಗಿನ ಕಟ್ಟಿನಲ್ಲೇ ಹುಡುಕಿ, ಮುನ್ನುಡಿಯ ಪುಟದಲ್ಲಿ ಅವರದೇ ಪಟ ಕಂಡು, ತಲೆತುಂಬ ಕೂದಲಿದ್ದ ಕಾಲದ ಆ ನಗುಮುಖ ಕಾಲರಿನ ಕೆಳಗೆ ಸರಿಯಾಗಿ ಬರುವಂತೆ ಇಟ್ಟು ಮಡಿಸಿ ಕಳಿಸಿದರು. ದೊಡ್ಡವರು ನೋಡಿ ಸಂತೋಷಪಡಲಿ ಎಂಬುದಷ್ಟೇ ಅವರ ಆಸೆ. ಮರುದಿನ ನಿರ್ದೇಶಕರು ಅಂಗಿಯ ಮಡಿಕೆ ಬಿಚ್ಚಿದರು, ಒಳಗಿನಿಂದ ತಾವೇ ತಮ್ಮನ್ನು ನೋಡಿ ನಕ್ಕರು. ಸಂಸ್ಥೆಯ ಕಾಗದ ಹೊರಗೆ ಸೋರಿಹೋಗುತ್ತಿದೆ, ಇದರ ಹಿಂದೆ ಯಾರದೋ ಕೈವಾಡವಿದೆ ಎಂದು ಕಚೇರಿಯಲ್ಲಿ ಕೂಗಾಡಿದರಂತೆ. ಆ ವರದಿಯ ಹೊದಿಕೆಯ ಮೇಲೆ ದಪ್ಪಕ್ಷರದಲ್ಲಿ “ಸಾರ್ವಜನಿಕರ ತಿಳಿವಳಿಕೆಗಾಗಿ” ಎಂದು ಬರೆದಿತ್ತು. ಸಾರ್ವಜನಿಕರಿಗೆ ತಿಳಿದುಬಿಡಬಹುದೆಂದು ಬರೆದವರು ಊಹಿಸಿರಲಿಲ್ಲವೆಂದು ಕಾಣುತ್ತದೆ.

ಅದೇ ವಾರ ತಾವು ದಯಮಾಡಿಸಿದಿರಿ. ರಟ್ಟಿನ ಪೆಟ್ಟಿಗೆಯಿಂದ ತಮ್ಮನ್ನು ಹೊರತೆಗೆದು ಪ್ಲಗ್ಗು ಹಾಕಿ, ಸಾಹೇಬರ ಕೈಯಿಂದಲೇ ಮೊದಲ ತುತ್ತು ಕೊಡಿಸಿ, ಎಲ್ಲರೂ ಚಪ್ಪಾಳೆ ಹೊಡೆದರಂತೆ. ತಮ್ಮ ಮೊದಲ ಹೊಟ್ಟೆತುಂಬ ಊಟದಲ್ಲೇ ಮೆಟ್ಟಿಲ ಮೇಲಿನ ಆ ಕಟ್ಟೂ ಸೇರಿತ್ತು. “ಗೊತ್ತಿದ್ರೆ ಅದೊಂದನ್ನ ಅಂಗಿಯೊಳಗೆ ಬಚ್ಚಿಟ್ಕೊಂಡು ಬರ್ತಿದ್ದೆ,” ಎಂದು ಅಟೆಂಡರಣ್ಣ ಕಟ್ಟೆಯ ಮೇಲೆ ತಲೆ ಚಚ್ಚಿಕೊಂಡ. ಬರೆದವರನ್ನೇ ಕೇಳಬಹುದಲ್ಲ ಎಂದು ತಾವು ಹೇಳಬಹುದು. ಆ ಅಮ್ಮನವರು ತೀರಿಹೋಗಿ ಬಹಳ ಕಾಲವಾಯಿತು. ಬೇರೆ ಪ್ರತಿ ಕಂಪ್ಯೂಟರಿನಲ್ಲಿದೆಯಂತೆ, ಆ ಕಂಪ್ಯೂಟರಿನ ಪಾಸ್‌ವರ್ಡ್ ನಿವೃತ್ತರಾದ ಒಬ್ಬರಲ್ಲಿದೆಯಂತೆ, ಅವರಿಗೆ ಅದು ಮರೆತಿದೆಯಂತೆ. ಹೀಗಾಗಿ ಆರನೆಯ ಅಧ್ಯಾಯದಲ್ಲಿ ಏನಿತ್ತೆಂದು ಬಲ್ಲವರು ಈ ಭೂಮಿಯ ಮೇಲೆ ತಾವೊಬ್ಬರೇ.

ಆದ್ದರಿಂದ ನನ್ನ ಕೋರಿಕೆಗಳನ್ನು ಸಾವಕಾಶವಾಗಿ ಪರಿಶೀಲಿಸಬೇಕು. ತಾವು ಮನಸ್ಸು ಮಾಡಿ ಒಂದು ದಿನ ಹಿಂದುಮುಂದಾಗಿ ತಿರುಗಿ, ಕೆಳಗಿನ ಡಬ್ಬಿಯಿಂದ ಎಳೆಗಳನ್ನು ಮೇಲಕ್ಕೆಳೆದುಕೊಂಡು, ಹಾಳೆಗಳನ್ನಾಗಿ ಹೊರಹಾಕಬಹುದಾದರೆ ಅದೇ ಒಳ್ಳೆಯದು. ಅದಾಗದಿದ್ದರೆ ಹೊಟ್ಟೆಯುಬ್ಬರವೆಂದು ಹೇಳಿ ರಜೆ ಹಾಕಿ; ಆ ಕಟ್ಟಡದಲ್ಲಿ ರಜೆ ಹಾಕಲು ಬಾರದವರು ತಾವೊಬ್ಬರೇ, ಅಕ್ಕಪಕ್ಕದವರನ್ನು ನೋಡಿಯಾದರೂ ಕಲಿಯಬೇಕು. ಹಸಿವು ತಡೆಯಲಾಗದಿದ್ದರೆ ಚಹಾ ಸಮಯವನ್ನು ಬದಲಾಯಿಸಿದ ಸುತ್ತೋಲೆ, ಆ ಸುತ್ತೋಲೆಯನ್ನು ರದ್ದು ಮಾಡಿದ ಸುತ್ತೋಲೆ, ದೂರದ ಊರಿನಲ್ಲಿ ನದಿ ಉಳಿಸುವ ವಿಷಯ ಮಾತಾಡಲು ವಿಮಾನದಲ್ಲಿ ಹೋಗಿಬಂದವರ ವರ್ಣನೆಗಳು, ಇಂಥ ಗರಿಗರಿಯಾದ ಪದಾರ್ಥಗಳಿಂದ ಶುರುಮಾಡಿ. ಜೌಗಿನ ಕಾಗದ ತೇವ, ಅದನ್ನು ತಿಂದರೆ ನೆಗಡಿಯಾಗುತ್ತದೆಂದು ಅತ್ತೆ ಹೇಳಲು ಹೇಳಿದ್ದಾರೆ.

ಪತ್ರವನ್ನು ಇಲ್ಲಿಯವರೆಗೆ ಬರೆದು ನಿಲ್ಲಿಸಿಟ್ಟಿದ್ದಾಗಲೇ ಪುರಸಭೆಯ ಸಭೆ ಬಂತು. ಮಣ್ಣಿನ ಲಾರಿಗಳು ಆಗಲೇ ಬೀದಿಯ ತುದಿಯಲ್ಲಿ ಬಂದು ನಿಂತಿದ್ದವು. ಅತ್ತೆ, ಟೈಲರಣ್ಣ, ಡ್ರೈವರಣ್ಣ ಹೊರಟರು. ಪುಟಗಳನ್ನು ಸರಿಯಾದ ಸಾಲಿನಲ್ಲಿ ಜೋಡಿಸಿಕೊಡುವುದಕ್ಕೆಂದು ನನ್ನನ್ನೂ ಎಳೆದುಕೊಂಡು ಹೋದರು. ಓದುವವನು ಟೈಲರಣ್ಣ ಎಂದು ಮಾತಾಗಿತ್ತು. ಅಧ್ಯಕ್ಷರು “ಏನಮ್ಮ ನಿಮ್ಮ ತಕರಾರು?” ಎಂದು ಕೇಳಿದಾಗ ಅವನು ಎದ್ದು, ಜೇಬು ತಡವಿ, ಇನ್ನೊಂದು ಜೇಬು ತಡವಿ, ಕನ್ನಡಕವನ್ನು ಹೊಲಿಗೆ ಮಿಷಿನ್ನಿನ ಮೇಲೆ ಬಿಟ್ಟುಬಂದಿದ್ದೇನೆಂದ. ಡ್ರೈವರಣ್ಣನನ್ನು ಓದಲು ಬಿಟ್ಟರೆ ಮೊದಲ ಸಾಲಿಗೇ ಕೊನೆಯದನ್ನು ಹೇಳಿಬಿಡುತ್ತಾನೆ. ಅತ್ತೆ ನನ್ನ ಕಡೆ ತಿರುಗಿ, “ನೀನೇ ಓದೇ,” ಎಂದರು. ನಾನು ಅವರ ಬೆನ್ನ ಹಿಂದೆಯೇ ನಿಂತು, ಅವರ ಸೆರಗನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಓದಿದೆ. ಮೊದಲ ಪುಟ ನನಗೇ ಕೇಳಿಸಲಿಲ್ಲ. ಎರಡನೆಯ ಪುಟದಲ್ಲಿ ಯಾರೋ ಫ್ಯಾನು ನಿಲ್ಲಿಸಿದರು. ಬಾವಿಗಳು ಏರುವ ಇಳಿಯುವ ಜಾಗ ಬರುವಷ್ಟರಲ್ಲಿ ಕಾಫಿ ಲೋಟಗಳ ಸದ್ದೂ ನಿಂತಿತ್ತು. “ಯಾವುದು ಉಳಿಯುತ್ತದೆ, ಯಾವುದು ಬತ್ತುತ್ತದೆ ಎಂಬುದನ್ನು ಮುಂದಿನ ಅಧ್ಯಾಯದಲ್ಲಿ” ಎಂದು ಓದಿ ನಾನು ನಿಲ್ಲಿಸಿದೆ.

“ಮುಂದೆ?” ಎಂದರು ಅಧ್ಯಕ್ಷರು, ಕುರ್ಚಿಯ ತುದಿಗೆ ಬಂದು. “ಮುಂದೆ ಓದಮ್ಮ!” ಎಂದು ಹಿಂದಿನ ಸಾಲಿನವರೂ ಕೂಗಿದರು.

“ಮುಂದಿನದನ್ನ ಸಾಹೇಬರ ಮೆಷಿನ್ನು ಓದಿದೆ ಸ್ವಾಮಿ,” ಎಂದ ಟೈಲರಣ್ಣ.

ಎಲ್ಲರೂ ಮುಂದಿನ ಸಾಲಿನಲ್ಲಿ ಕುಳಿತಿದ್ದ ನಿರ್ದೇಶಕರ ಕಡೆ ತಿರುಗಿದರು. ಅವರು ಎದ್ದು, ಅಂಥ ವರದಿ ತಮ್ಮ ಸಂಸ್ಥೆಯಲ್ಲಿ ಇಲ್ಲವೇ ಇಲ್ಲ ಎಂದು ಗಂಭೀರವಾಗಿ ಹೇಳಿದರು. ಅದು ನಿಜವೇ, ತಮ್ಮ ಕೃಪೆ. ಆಗ ಅತ್ತೆ, ದೊಡ್ಡವರ ಎದುರು ಎಂದೂ ಬಾಯಿ ತೆರೆಯದವರು, ಬಹಳ ವಿನಯದಿಂದ, “ಇಲ್ಲದೇ ಇರೋ ವರದಿಗೆ ನಿಮ್ಮ ಪಟ ಹೇಗೆ ಬಂತು ಸಾಹೇಬ್ರೇ? ನಾನೇ ಅಂಗಿಯೊಳಗಿಟ್ಟು ಕಳಿಸಿದ್ದೆನಲ್ಲ. ಕೂದಲು ಎಷ್ಟು ಚೆನ್ನಾಗಿತ್ತು!” ಎಂದರು. ಸಭೆ ನಕ್ಕ ಸದ್ದಿಗೆ ತೀರ್ಮಾನ ತಿಳಿಯಲು ಬಂದು ಹೊರಗೆ ನಿಂತಿದ್ದ ಲಾರಿಯವರು ಒಳಗೆ ಬಂದು ನೋಡಿದರು. ಅಧ್ಯಕ್ಷರು ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡು ಸ್ವಲ್ಪ ಹೊತ್ತು ಕೆಮ್ಮಿ, ವರದಿ ಇಲ್ಲವೆಂದು ಸಂಸ್ಥೆಯೇ ಹೇಳುತ್ತಿರುವುದರಿಂದ ಅದೇ ಸಂಸ್ಥೆಯವರು ಹೊಸದಾಗಿ ಪೂರ್ತಿ ಅಧ್ಯಯನ ಮಾಡಿ, ಎಲ್ಲರೆದುರು ಓದಿಹೇಳಬೇಕು, ಅಲ್ಲಿಯವರೆಗೆ ಜೌಗಿಗೆ ಒಂದು ಬುಟ್ಟಿ ಮಣ್ಣೂ ಬೀಳಬಾರದು ಎಂದು ತೀರ್ಮಾನ ಬರೆಸಿದರು. ಲಾರಿಗಳು ಹಿಂದಕ್ಕೆ ಹೋಗಲು ತಿರುಗುವ ಜಾಗವಿಲ್ಲದೆ ನಮ್ಮ ಬೀದಿಯನ್ನೆಲ್ಲ ಹಾದುಹೋದವು. ಡ್ರೈವರಣ್ಣ ಮುಂದೆ ನಿಂತು ದಾರಿ ತೋರಿಸಿದ.

ಇಲ್ಲಿ ನನ್ನ ದೂರು ಸಿಕ್ಕಿಹಾಕಿಕೊಂಡಿದೆ, ಮಾನ್ಯರೇ. ಯೋಚಿಸಿದಷ್ಟೂ ಒಂದು ಸಂಗತಿ ನನ್ನನ್ನು ಕಾಡುತ್ತಿದೆ. ಆ ವರದಿ ಪೂರ್ತಿಯಾಗಿ ಇದ್ದಿದ್ದರೆ ಅದನ್ನು ಸ್ವೀಕರಿಸಿ, ಧನ್ಯವಾದ ಹೇಳಿ, ಕಪಾಟಿನಲ್ಲಿಟ್ಟು ಬೀಗ ಹಾಕಿ, ಮರುದಿನವೇ ಮಣ್ಣು ಸುರಿಯುತ್ತಿದ್ದರು. ತಾವು ಅದನ್ನು ತಿಂದು ಇಲ್ಲವಾಗಿಸಿದ್ದರಿಂದಲೇ ಅದು ಬೇಕೆಂದು ಎಲ್ಲರಿಗೂ ಅನ್ನಿಸಿತು. ಹಿಂದಿನ ಸಲ ಈ ಅಧ್ಯಯನಕ್ಕೆ ಹಿಡಿದ ಕಾಲವನ್ನು ನೋಡಿದರೆ ನಮ್ಮ ಬಾವಿಗೆ ಸದ್ಯಕ್ಕೆ ಭಯವಿಲ್ಲ. ಅತ್ತೆ ಬಾವಿಯೊಳಗೆ ಇಣುಕುವುದನ್ನು ದಿನಕ್ಕೆ ಒಂದು ಸಲಕ್ಕೆ ಇಳಿಸಿದ್ದಾರೆ. ತಮಗೆ ಬೈಯಬೇಕೋ ಹಾರ ಹಾಕಬೇಕೋ ತಿಳಿಯುತ್ತಿಲ್ಲ. ಹಾರ ಹಾಕಿದರೆ ಅದನ್ನೂ ತಾವು ಎಳೆಯೆಳೆಯಾಗಿ ಮಾಡಿಬಿಡುತ್ತೀರಿ.

ಈಗ ಸಂಸ್ಥೆಯಿಂದ ಇಬ್ಬರು ಹೊಸ ಸಂಶೋಧಕರು ಬಂದಿದ್ದಾರೆ, ಒಬ್ಬಳು ಹುಡುಗಿ, ಒಬ್ಬ ಹುಡುಗ, ಇಬ್ಬರಿಗೂ ಮೊಣಕಾಲಿನವರೆಗೆ ಕೆಸರು. ಹಳೆಯ ಅಧ್ಯಯನದಲ್ಲಿ ಏನಿತ್ತೆಂದು ತಿಳಿಯದೆ ಹೊಸದನ್ನು ಶುರುಮಾಡುವುದು ಹೇಗೆಂದು ಅವರು ಕೇಳಿದಾಗ, ಸಂಜೆ ಕಟ್ಟೆಗೆ ಬನ್ನಿ ಎಂದೆವು. ಬೀದಿಯವರೆಲ್ಲ ತಮ್ಮತಮ್ಮ ಪುಟ ತಂದು ಕೊಟ್ಟರು. ದಿಂಬಿನ ಕೆಳಗಿಟ್ಟುಕೊಂಡವರು, ಗೋಡೆಗೆ ಅಂಟಿಸಿಕೊಂಡವರು, ಮಗುವಿನ ಪುಸ್ತಕಕ್ಕೆ ಹೊದಿಕೆ ಹಾಕಿದವರು ಎಲ್ಲರೂ. ಸಂಸ್ಥೆಯ ಅಧ್ಯಯನವನ್ನು ಸಂಸ್ಥೆಯವರು ನಮ್ಮ ಲಾಂಡ್ರಿಯಲ್ಲಿ ಕುಳಿತು ಓದುತ್ತಿದ್ದಾರೆ. ಅಜ್ಜಿಯ ಪುಟವನ್ನು ಮಾತ್ರ ಅತ್ತೆ ಕೈಗೆ ಕೊಡಲಿಲ್ಲ, ದೂರದಿಂದ ತೋರಿಸಿದರು. ಆ ಸಂಶೋಧಕಿ ಹುಡುಗಿ ಮಧ್ಯಾಹ್ನ ಊಟ ಬಿಟ್ಟಳೆಂದು ತಿಳಿದು ಅವಳಿಗೆ ಚೆನ್ನಾಗಿ ಬೈದರು ಕೂಡ.

ಕೊನೆಯದಾಗಿ ಒಂದೇ ಬೇಡಿಕೆ. ಈ ಹೊಸ ಅಧ್ಯಯನ ಮುಗಿದು ಅಚ್ಚಾಗಿ ಬಂದ ದಿನ ತಮಗೆ ಉಪವಾಸವಿರಲಿ. ಅಷ್ಟೂ ಪುಟಗಳು ಒಂದು ಸಲ ನಮ್ಮ ಬೀದಿಯನ್ನು ಸುತ್ತಿ, ಟೈಲರಣ್ಣನ ಕೈಯಿಂದ ಡ್ರೈವರಣ್ಣನ ಕೈಗೆ, ಟೀಚರಮ್ಮನವರಿಂದ ಅವರ ಮಕ್ಕಳಿಗೆ ಹೋಗಿಬರಲಿ. ಆಮೇಲೆ ಬೇಕಾದರೆ ತಾವು ನೆಮ್ಮದಿಯಾಗಿ ಊಟ ಮಾಡಬಹುದು. ಎಲ್ಲರೂ ಓದಿ ಮುಗಿಸಿದ ಕಾಗದವನ್ನು ಎಷ್ಟು ಕತ್ತರಿಸಿದರೂ ಅದರಲ್ಲಿದ್ದದ್ದು ಚೂರಾಗುವುದಿಲ್ಲ.

ಹೆಚ್ಚಿಗೆ ಬರೆದು ತಮ್ಮ ಹಸಿವು ಕೆರಳಿಸಲಾರೆ. ಈ ಪತ್ರ ತಮ್ಮ ಕೈ ಸೇರುವುದಕ್ಕೆ ಮುಂಚೆ ಬಾಯಿ ಸೇರುತ್ತದೆಂದು ತಿಳಿದೂ,

ತಮ್ಮ ವಿಶ್ವಾಸಿ,
ಎದುರು ಬೀದಿಯ ಇಸ್ತ್ರಿ ಹುಡುಗಿ

ತಾ.ಕ.: ಬರೆಯಲು ಮರೆತಿದ್ದೆ. ತಮ್ಮ ಡಬ್ಬಿಯಲ್ಲಿ ತುಂಬಿದ ಕಾಗದದ ಎಳೆಗಳನ್ನು ಯಾರೋ ನಮ್ಮ ಗೋಡೆಯ ಹಿಂದೆ ಸುರಿದುಹೋಗಿದ್ದರು. ಜೌಗಿನ ನೀರುಕೋಳಿಯೊಂದು ಅವುಗಳನ್ನು ಆರಿಸಿಕೊಂಡು ಹೋಗಿ ಜೊಂಡಿನ ನಡುವೆ ಗೂಡು ಕಟ್ಟಿ, ಆರನೆಯ ಅಧ್ಯಾಯದ ಮೇಲೆ ಕೆಲವು ವಾರ ಕುಳಿತಿತ್ತು. ತಮ್ಮ ಸಂಸ್ಥೆಯ ದೊಡ್ಡವರೂ ಅದೇ ಅಧ್ಯಾಯದ ಮೇಲೆ ವರ್ಷಗಟ್ಟಲೆ ಕುಳಿತಿದ್ದರಲ್ಲ, ಅವರಿಗೆ ಈ ಸುದ್ದಿ ತಿಳಿಸಿಬಿಡಿ: ನೀರುಕೋಳಿ ಕುಳಿತದ್ದರಿಂದ ಮರಿಗಳು ಹೊರಬಂದಿವೆ, ಕಪ್ಪಗೆ, ಪುಟ್ಟಪುಟ್ಟಗೆ, ಆಗಲೇ ಈಜುತ್ತಿವೆ.